ಕೈಯಚ್ಚಿನ ಕಾರ್ಡು: ಒತ್ತುವುದು, ಕೊಡುವುದು, ಕೊಳ್ಳುವುದು

ದಪ್ಪ ಕಾಗದವನ್ನು ಎರಡಾಗಿ ಮಡಿಸಿ, ರಬ್ಬರಿನಲ್ಲೋ ಕಟ್ಟಿಗೆಯಲ್ಲೋ ಕೊರೆದ ಅಚ್ಚಿಗೆ ಬಣ್ಣ ಹಚ್ಚಿ ಅದರ ಮುಖದ ಮೇಲೆ ಒತ್ತಿ, ಒಳಗೆ ಕೈಬರಹದಲ್ಲಿ ನಾಲ್ಕು ಸಾಲು ಬರೆದರೆ ಕೈಯಚ್ಚಿನ ಶುಭಾಶಯ ಪತ್ರ ಸಿದ್ಧವಾಗುತ್ತದೆ. ಅಂಗಡಿಯ ಗ್ರೀಟಿಂಗ್ ಕಾರ್ಡಿಗೂ ಕೈಯಿಂದ ಬಿಡಿಸಿದ ಚಿತ್ರಕ್ಕೂ ನಡುವೆ ಇದರ ಜಾಗ. ಪ್ರೆಸ್ಸಿನಲ್ಲಿ ಅಚ್ಚಾದ ಸಾವಿರ ಕಾರ್ಡುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದಿಲ್ಲ. ಕುಂಚದಿಂದ ಬರೆದ ಚಿತ್ರವನ್ನು ಹಾಗೆಯೇ ಇನ್ನೊಮ್ಮೆ ಬರೆಯಲು ಬರುವುದಿಲ್ಲ. ಕೈಯಚ್ಚು ಒಂದೇ ಚಿತ್ರವನ್ನು ಹತ್ತು ಸಲ ಕೊಡುತ್ತದೆ, ಆದರೆ ಹತ್ತರಲ್ಲೂ ಒತ್ತಿದ ಕೈಯ ಭಾರ ಬೇರೆ, ಮಸಿಯ ಗಾಢತೆ ಬೇರೆ. ಕಾರ್ಡು ವಿನಿಮಯಕ್ಕೆ ಇದು ಒದಗಿಬರುವುದು ಈ ಗುಣದಿಂದಲೇ. ಎಂಟು ಜನ ಸೇರಿ ಕಾರ್ಡು ಅದಲುಬದಲು ಮಾಡಿಕೊಳ್ಳಬೇಕಾದರೆ ಒಬ್ಬೊಬ್ಬರೂ ಎಂಟು ಕಾರ್ಡು ಮಾಡಬೇಕು. ಎಂಟನ್ನೂ ಕುಂಚದಿಂದ ಬಿಡಿಸುತ್ತ ಕೂತರೆ ಹಬ್ಬ ಮುಗಿದೇ ಹೋಗುತ್ತದೆ. ಎಂಟನ್ನೂ ಕೊಂಡು ತಂದರೆ ಕೊಟ್ಟದ್ದರಲ್ಲಿ ಕೊಟ್ಟವರದೇನೂ ಉಳಿಯುವುದಿಲ್ಲ.

ಹೀಗೆ ಕೊಟ್ಟು ಕೊಳ್ಳುವುದನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಿಜಯದಶಮಿಯ ಸಂಜೆ ಬನ್ನಿ ಗಿಡಕ್ಕೆ ಪೂಜೆ ಮಾಡಿ ಬಂದವರು ಓಣಿಯ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಡುತ್ತಾರೆ, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತಾರೆ. ಕೊಟ್ಟವರ ಕೈಗೂ ತಿರುಗಿ ನಾಲ್ಕು ಎಲೆ ಬರುತ್ತವೆ. ಕಿರಿಯರು ಹಿರಿಯರ ಕಾಲಿಗೆ ನಮಸ್ಕಾರ ಮಾಡುತ್ತಾರೆ, ಓರಗೆಯವರು ಅಪ್ಪಿಕೊಳ್ಳುತ್ತಾರೆ. ಸಂಕ್ರಮಣಕ್ಕೆ ಎಲೆಯ ಬದಲು ಕುಸುರೆಳ್ಳು. ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದಾದರೂ ಮನೆಯಲ್ಲಿ ಮಾಡಿದ ಕುಸುರೆಳ್ಳಿಗೆ ಇರುವ ಮಾನವೇ ಬೇರೆ. ಎಳ್ಳನ್ನು ಅಗಲ ತಟ್ಟೆಯಲ್ಲಿ ಹಾಕಿ ಸಣ್ಣ ಕೆಂಡದ ಮೇಲಿಟ್ಟು, ತಿಳಿಯಾದ ಸಕ್ಕರೆ ಪಾಕವನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ, ಬೆರಳ ತುದಿಯಿಂದ ಆಡಿಸುತ್ತ ಹೋದರೆ ಒಂದೊಂದು ಕಾಳಿಗೂ ಸಕ್ಕರೆಯ ಮುಳ್ಳು ಏಳುತ್ತದೆ. ಕಾವು ಹೆಚ್ಚಾದರೆ ಸಕ್ಕರೆ ಕೆಂಪಾಗುತ್ತದೆ, ಕೈ ಅವಸರ ಮಾಡಿದರೆ ಕಾಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಇಷ್ಟೆಲ್ಲ ಕಷ್ಟಪಟ್ಟು ಮಾಡಿದ್ದನ್ನು ಮನೆಯಲ್ಲಿಟ್ಟು ತಿನ್ನುವುದಕ್ಕಿಂತ ಹಂಚುವುದೇ ಹೆಚ್ಚು. ಹಂಚಿದಷ್ಟೂ ಬೇರೆ ಬೇರೆ ಮನೆಯ ಕೈರುಚಿ ತಿರುಗಿ ಬರುತ್ತದೆ.

ಕುಸುರೆಳ್ಳಿನ ಜೊತೆಗೆ ಕಾರ್ಡೂ ಸೇರಿಕೊಂಡ ಕಾಲವೊಂದಿತ್ತು. 1980 ಮತ್ತು 90ರ ದಶಕಗಳಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ಸಂಕ್ರಮಣದ ಗ್ರೀಟಿಂಗ್ ಕಾರ್ಡು ಶಾಲೆಯ ಮಕ್ಕಳ ದೊಡ್ಡ ಸಂಭ್ರಮವಾಗಿತ್ತು. ಜನವರಿ ಬಂತೆಂದರೆ ಪುಸ್ತಕದಂಗಡಿಗಳ ಮುಂದೆ ಸಾಲುಸಾಲು ಕಾರ್ಡು: ಹೂವು, ಗಿಳಿ, ದೇವರು, ಸಿನಿಮಾ ನಟರು, ಕ್ರಿಕೆಟ್ ಆಟಗಾರರು. ಹಿಂದೆ ಹೆಸರು ಬರೆದು ಗೆಳೆಯರಿಗೆ, ಗೆಳತಿಯರಿಗೆ, ಗುರುಗಳಿಗೆ ಕೊಡುವುದು. ಯಾರಿಂದ ಎಷ್ಟು ಬಂತು ಎಂದು ಎಣಿಸಿ ಪುಸ್ತಕದ ನಡುವೆ ಜೋಪಾನ ಮಾಡುವುದು. ಕೈಯಲ್ಲಿ ದುಡ್ಡಿಲ್ಲದವರು ಡ್ರಾಯಿಂಗ್ ಹಾಳೆ ಕತ್ತರಿಸಿ, ಹಳೆಯ ಲಗ್ನಪತ್ರಿಕೆಯ ಹೂವು ಕಿತ್ತು ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಅಂಚು ಬರೆದು ತಾವೇ ಕಾರ್ಡು ಮಾಡುತ್ತಿದ್ದರು. ಈಗ ಹಿಂತಿರುಗಿ ನೋಡಿದರೆ ಆ ಕಾರ್ಡುಗಳೇ ಹೆಚ್ಚು ಬೆಲೆಯುಳ್ಳವು. ಮೊಬೈಲು ಬಂದ ಮೇಲೆ ಅಂಗಡಿ ಮುಂದಿನ ಆ ಸಾಲು ಸವೆಯಿತು. ಒಂದೇ ಚಿತ್ರ ಬೆರಳ ಒಂದು ತಟ್ಟಿಗೆ ಇನ್ನೂರು ಜನಕ್ಕೆ ಹೋಗತೊಡಗಿತು.

ಶುಭಾಶಯ ಪತ್ರದ ಚರಿತ್ರೆಯೂ ಅಚ್ಚಿನ ಚರಿತ್ರೆಯೂ ಜೊತೆಜೊತೆಯಾಗಿಯೇ ನಡೆದು ಬಂದಿವೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಜಾನ್ ಹಾರ್ಸ್ಲಿಯಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿಸಿ ಹೊರತಂದದ್ದನ್ನು ಮೊದಲ ಕ್ರಿಸ್‌ಮಸ್ ಕಾರ್ಡು ಎನ್ನುತ್ತಾರೆ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನ ಕಂಡುಕೊಂಡ. 1860ರ ದಶಕದಲ್ಲಿ ಆ ರಬ್ಬರಿನ ಶಿಕ್ಕಾಗಳು ಬಳಕೆಗೆ ಬಂದವು. ಕಚೇರಿಗೆಂದು ಹುಟ್ಟಿದ ಶಿಕ್ಕಾವನ್ನು ಕಾರ್ಡು ಮಾಡುವವರು ತಮ್ಮ ಮೇಜಿಗೆ ತಂದುಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಂಚೆಯ ಮೂಲಕ ಪುಟ್ಟ ಕಲಾಕೃತಿಗಳನ್ನು ಕಳಿಸಿ ತರಿಸಿಕೊಳ್ಳುವ ಬಳಗವನ್ನು ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ 1960ರ ದಶಕದಲ್ಲಿ ಬೆಳೆಸಿದ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇನ್ನೊಂದು ರೂಢಿ ಶುರುವಾಯಿತು: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕೈಕೆಲಸದ ಕಾರ್ಡುಗಳು, ಮಾರುವಂತಿಲ್ಲ, ಬದಲಾಯಿಸಿಕೊಳ್ಳಬೇಕು ಅಷ್ಟೇ. 2005ರಲ್ಲಿ ಪೋರ್ಚುಗಲ್ಲಿನ ಪೌಲೊ ಮಗಲ್ಯಾಯಿಸ್ ಆರಂಭಿಸಿದ ‘ಪೋಸ್ಟ್‌ಕ್ರಾಸಿಂಗ್’ ಗುರುತಿಲ್ಲದವರ ನಡುವೆ ಅಂಚೆ ಕಾರ್ಡು ಓಡಾಡುವಂತೆ ಮಾಡಿತು. ಅದರಲ್ಲಿ ಭಾರತದವರೂ ಇದ್ದಾರೆ.

ಅಚ್ಚೊತ್ತುವ ಕೆಲಸದಲ್ಲಿ ಗದಗ ಸೀಮೆಗೆ ಇದಕ್ಕಿಂತ ಬಹಳ ಹಳೆಯ ನೆನಪಿದೆ. ರೋಣ ಮತ್ತು ಗಜೇಂದ್ರಗಡದ ನೆರೆಯ ಸೂಡಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ಹನ್ನೊಂದನೆಯ ಶತಮಾನದಲ್ಲಿ ಅರಸುಮನೆತನದ ಅಕ್ಕಾದೇವಿ ಇಲ್ಲಿಂದ ಆಳ್ವಿಕೆ ನಡೆಸಿದಳು. ಚಾಲುಕ್ಯರ ಟಂಕಸಾಲೆಗಳು ಇದ್ದದ್ದು ಲಕ್ಕುಂಡಿ ಮತ್ತು ಸೂಡಿಗಳಲ್ಲಿ. ಅಲ್ಲಿ ಬಂಗಾರದ ಬಿಲ್ಲೆಯ ಮೇಲೆ ಉಳಿಯಂಥ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆದು ಗುರುತು ಮೂಡಿಸುತ್ತಿದ್ದರು. ಒಂದೊಂದು ಗುರುತಿಗೂ ಬೇರೆ ಬೇರೆ ಪೆಟ್ಟು ಬೀಳುತ್ತಿದ್ದುದರಿಂದ ಒಂದೇ ಅಚ್ಚಿನ ಎರಡು ನಾಣ್ಯಗಳಲ್ಲಿ ಗುರುತು ಒಂದರಲ್ಲಿ ತುಸು ಮೇಲೆ, ಇನ್ನೊಂದರಲ್ಲಿ ಅಂಚಿಗೆ ಸರಿದು ಕೂತಿರುತ್ತದೆ. ಕೈಯಚ್ಚಿನ ಕಾರ್ಡನ್ನು ಹಿಡಿದು ನೋಡುವವರು ಮೆಚ್ಚುವುದೂ ಇಂಥ ಸಣ್ಣ ಸರಿದಾಟವನ್ನೇ.

ಮನೆಯೊಳಗಿನ ಅಚ್ಚುಗಳೂ ಕಡಿಮೆಯಿಲ್ಲ. ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಸಕ್ಕರೆ ಆರತಿಯ ಗೊಂಬೆ ಮಾಡುತ್ತಾರೆ. ಬೀಗರ ಮನೆಗೂ ಕಳಿಸುತ್ತಾರೆ. ಗೋಕುಲಾಷ್ಟಮಿಯ ದಿನ ಮುಷ್ಟಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೊತ್ತಿ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕೃಷ್ಣನ ಪುಟ್ಟ ಹೆಜ್ಜೆ ಮೂಡುತ್ತದೆ. ಮಾಧ್ವರ ಮನೆಗಳಲ್ಲಿ ಹಿತ್ತಾಳೆಯ ಶಂಖ-ಚಕ್ರದ ಮುದ್ರೆಗಳಿಂದ ಗೋಪಿಚಂದನವನ್ನು ಮೈಗೆ ಒತ್ತಿಕೊಳ್ಳುತ್ತಾರೆ. ಇನ್ನು ಪ್ರೆಸ್ಸಿನಲ್ಲಿ ಅಚ್ಚಾದ ಲಗ್ನಪತ್ರಿಕೆಯನ್ನು ಯಾರಿಗೂ ಹಾಗೇ ಕೊಡುವುದಿಲ್ಲ. ನಾಲ್ಕು ಮೂಲೆಗೆ ಬೆರಳಿನಿಂದ ಅರಿಶಿನ ಕುಂಕುಮ ಹಚ್ಚಿದ ಮೇಲೆಯೇ ಅದಕ್ಕೆ ಕರೆಯುವ ಅಧಿಕಾರ ಬರುತ್ತದೆ. ‘ಮುದ್ರಣ ಕಾಶಿ’ ಎಂದು ಹೆಸರಾದ ಗದಗ ಹತ್ತಿರದಲ್ಲೇ ಇರುವುದರಿಂದ ಈ ಮೂರೂ ಊರಿನವರಿಗೆ ಪ್ರೆಸ್ಸಿನ ಕೆಲಸವೂ ಅಪರಿಚಿತವಲ್ಲ.

ಕಾರ್ಡಿನ ಕೆಲಸ ಕಾಗದದಿಂದ ಶುರು. ಪ್ರತಿ ಚದರ ಮೀಟರಿಗೆ 250ರಿಂದ 300 ಗ್ರಾಂ ತೂಗುವ ಹಾಳೆ ಬೇಕು. ಅದಕ್ಕಿಂತ ತೆಳುವಾದರೆ ಕಾರ್ಡು ನಿಲ್ಲುವುದಿಲ್ಲ, ದಪ್ಪವಾದರೆ ಮಡಿಕೆಯಲ್ಲಿ ಒಡೆಯುತ್ತದೆ. ಎ4 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿ, ಒಂದೊಂದು ತುಂಡನ್ನು ಮತ್ತೆ ಮಡಿಸಿದರೆ ಎರಡು ಕಾರ್ಡು ಸಿಗುತ್ತವೆ. ಮಡಿಸಿದ ಮೇಲೆ ಅಳತೆ ಸುಮಾರು 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಉದ್ದ. ಮಡಿಸುವ ಮೊದಲು ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೀರಿಕೊಂಡರೆ ಮಡಿಕೆ ನೇರವಾಗುತ್ತದೆ. ನಯವಾಗಿ ಹೊಳೆಯುವ ಆರ್ಟ್ ಕಾಗದದ ಮೇಲೆ ಶಿಕ್ಕಾ ಮಸಿ ಒಣಗುವುದಿಲ್ಲ, ಕೈ ತಾಗಿದರೆ ಬಳಿದುಹೋಗುತ್ತದೆ. ಹೊಳಪಿಲ್ಲದ ಐವರಿ ಕಾರ್ಡು, ಗಟ್ಟಿ ಡ್ರಾಯಿಂಗ್ ಹಾಳೆ, ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಇವೇ ಒಳ್ಳೆಯವು. ಕೈಕಾಗದದ ಮೈ ಒರಟಾದ್ದರಿಂದ ಅಚ್ಚಿನ ಗೆರೆ ಅಲ್ಲಲ್ಲಿ ಕಡಿದು ಬೀಳುತ್ತದೆ. ಸಣ್ಣ ಕುಸುರಿಯ ಅಚ್ಚಿಗೆ ಅದು ಸಲ್ಲದು, ದಪ್ಪ ಗೆರೆಯ ಅಚ್ಚಿಗೆ ಅದರಿಂದಲೇ ಚೆಲುವು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕತ್ತರಿಸಿದ ಮೇಲೆ ಉಳಿಯುವ ಅಂಚಿನ ತುಂಡುಗಳನ್ನು ಕೇಳಿ ತಂದುಕೊಳ್ಳುವುದೂ ಒಂದು ದಾರಿ.

ಮೊದಲ ಅಚ್ಚು ಅಡುಗೆಮನೆಯದೇ ಆಗಲಿ. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ಎಸಳಿನ ಹೂವು, ಉಳ್ಳಾಗಡ್ಡಿಯನ್ನು ಕೊಯ್ದರೆ ಒಂದರೊಳಗೊಂದು ಬಳೆ, ಬಟಾಟೆಯ ಕೊಯ್ದ ಮುಖದ ಮೇಲೆ ಬೇಕಾದ ಆಕಾರ. ಪ್ರಾಥಮಿಕ ಶಾಲೆಯ ಚಿತ್ರಕಲೆ ತರಗತಿಯಲ್ಲಿ ಇದನ್ನು ಮಾಡದೆ ಬೆಳೆದವರು ಕಡಿಮೆ. ಆಗ ಹಲವರ ಅಚ್ಚು ರಾಡಿಯಾಗಿ ಮೂಡುತ್ತಿದ್ದುದಕ್ಕೆ ಕಾರಣ ಕಾಯಿಯ ನೀರು. ಕೊಯ್ದ ಮುಖವನ್ನು ಬಟ್ಟೆಯಿಂದ ಒತ್ತಿ ಒರೆಸಿ, ಅರ್ಧ ಗಂಟೆ ಆರಲು ಬಿಟ್ಟು, ಬಣ್ಣವನ್ನು ಸ್ಪಂಜಿನ ತುಂಡಿನಿಂದ ತೆಳ್ಳಗೆ ಹಚ್ಚಿದರೆ ಎಸಳು ಎಸಳಾಗಿ ಬರುತ್ತದೆ. ಉಳ್ಳಾಗಡ್ಡಿ ಬೆಳೆಯುವ ಗದಗ ಜಿಲ್ಲೆಯಲ್ಲಿ ಈ ಅಚ್ಚಿಗೆ ಕೊರತೆಯಂತೂ ಇಲ್ಲ.

ಬಾಳಿಕೆಯ ಅಚ್ಚಿಗೆ ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರು ಸಾಕು. ದೊಡ್ಡ ಚಿತ್ರಕ್ಕೆ ಲಿನೋಲಿಯಂ ಹಾಳೆ ಬೇಕಾಗುತ್ತದೆ. ಚಿತ್ರವನ್ನು ಬೆಣ್ಣೆ ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ಬಿಡಿಸಿ, ಬರೆದ ಮುಖವನ್ನೇ ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಗೆರೆಗಳು ರಬ್ಬರಿಗೆ ಇಳಿಯುತ್ತವೆ. ಹೀಗೆ ಇಳಿದ ಚಿತ್ರ ಎಡಬಲ ತಿರುಗಿರುತ್ತದೆ, ಕಾಗದಕ್ಕೆ ಒತ್ತಿದಾಗ ಮತ್ತೆ ನೇರವಾಗುತ್ತದೆ. ಅಕ್ಷರ ಕೊರೆಯುವವರಿಗೆ ಇದು ಬಹಳ ಮುಖ್ಯ. ರಬ್ಬರಿನ ಮೇಲೆ ನೇರವಾಗಿ ಬರೆದು ಕೊರೆದರೆ ಹಾರೈಕೆಯನ್ನು ಕನ್ನಡಿ ಹಿಡಿದು ಓದಬೇಕಾಗುತ್ತದೆ. ಕೊರೆಯುವಾಗ ಬ್ಲೇಡನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿಯಬೇಕು, ಆಗ ಗೆರೆಯ ಬುಡ ಅಗಲವಾಗಿ ಉಳಿಯುತ್ತದೆ. ಒಳಕ್ಕೆ ಓರೆಯಾದರೆ ಗೆರೆಯ ಬುಡ ಸಣ್ಣಗಾಗಿ ನಾಲ್ಕು ಸಲ ಒತ್ತುವಷ್ಟರಲ್ಲಿ ಮುರಿಯುತ್ತದೆ. ಸುತ್ತು ಬರುವಲ್ಲಿ ಬ್ಲೇಡನ್ನು ತಿರುಗಿಸದೆ ರಬ್ಬರನ್ನೇ ತಿರುಗಿಸಬೇಕು. ಕೈ ಯಾವಾಗಲೂ ಬ್ಲೇಡಿನ ಹಿಂದಿರಲಿ; ಮಕ್ಕಳಿಗೆ ಕೊರೆಯುವ ಕೆಲಸ ಬೇಡ, ಒತ್ತುವ ಕೆಲಸ ಕೊಟ್ಟರಾಯಿತು.

ಕನ್ನಡ ಲಿಪಿಯ ಅಚ್ಚು ಕೊರೆಯುವುದಕ್ಕೆ ಸ್ವಲ್ಪ ಹೆಚ್ಚಿನ ತಾಳ್ಮೆ ಬೇಕು. ನಮ್ಮ ಅಕ್ಷರಗಳು ದುಂಡು, ಒಳಗೆ ಬಿಳಿ ಕಿಂಡಿಗಳು. ‘ಶುಭಾಶಯ’ ಎಂಬ ಒಂದೇ ಪದದಲ್ಲಿ ಎಷ್ಟೊಂದು ಸುತ್ತು! ‘ಭ’ದ ಒಳಗಿನ ಸಣ್ಣ ಜಾಗಕ್ಕೆ ಮಸಿ ತುಂಬಿದರೆ ಅಕ್ಷರ ಕಪ್ಪು ಚುಕ್ಕೆಯಾಗುತ್ತದೆ, ಕೆಳಗಿನ ಒತ್ತಕ್ಷರಗಳು ಕೂಡಿಕೊಂಡು ಬಿಡುತ್ತವೆ. ಹೊಸದಾಗಿ ಕಲಿಯುವವರು ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆ ಮಾಡದಿರುವುದು ಒಳ್ಳೆಯದು. ಅಷ್ಟು ಕುಸುರಿ ಒಲ್ಲದವರಿಗೆ ರಬ್ಬರ್ ಸ್ಟಾಂಪ್ ಅಂಗಡಿ ಇದೆ. ತಾಲೂಕು ಕಚೇರಿ, ಕೋರ್ಟುಗಳಿರುವ ಊರಿನಲ್ಲಿ ಇಂಥ ಅಂಗಡಿ ಸಿಗುವುದು ಕಷ್ಟವಲ್ಲ. ಹಿಂದೆ ಮೊಳೆ ಜೋಡಿಸಿ, ಅದರ ಪಡಿಯಚ್ಚು ತೆಗೆದು, ರಬ್ಬರನ್ನು ಕಾಯಿಸಿ ಒತ್ತಿ ಶಿಕ್ಕಾ ಮಾಡುತ್ತಿದ್ದರು. ಈಗ ಚಿತ್ರದ ನೆಗೆಟಿವ್ ಇಟ್ಟು ಪಾಲಿಮರಿಗೆ ಅತಿನೇರಳೆ ಬೆಳಕು ಕೊಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗಿ, ಉಳಿದದ್ದು ತೊಳೆದುಹೋಗುತ್ತದೆ. ಕಪ್ಪು ಮಸಿಯಲ್ಲಿ ಸ್ಪಷ್ಟವಾಗಿ ಬಿಡಿಸಿದ ಸ್ವಂತ ಚಿತ್ರ ಒಯ್ದು ಕೊಟ್ಟರೆ, ಗ್ರಾಮ ಪಂಚಾಯಿತಿಯ ಶಿಕ್ಕಾ ಮಾಡುವ ಅದೇ ಯಂತ್ರದಲ್ಲಿ ಹಬ್ಬದ ಅಚ್ಚೂ ಆಗುತ್ತದೆ.

ಏನನ್ನು ಅಚ್ಚು ಮಾಡಬೇಕು ಎಂಬ ಪ್ರಶ್ನೆಗೆ ಮೂರೂ ಊರುಗಳಲ್ಲಿ ಉತ್ತರ ಸಿಗುತ್ತದೆ. ಪೇಟೆಯ ಸಿದ್ಧ ಅಚ್ಚುಗಳಲ್ಲಿ ಹಿಮದ ಮನೆ, ಪೈನ್ ಮರ, ಗುಲಾಬಿ ಬೇಕಾದಷ್ಟಿವೆ. ಗಜೇಂದ್ರಗಡದ ಕೈಮಗ್ಗದ ಪಟ್ಟೇದಂಚು ಸೀರೆ ಅಲ್ಲಿಲ್ಲ. ಚೌಕಳಿ ಮೈ, ಗಟ್ಟಿ ಬಣ್ಣದ ಅಂಚಿನ ಈ ಸೀರೆಯನ್ನು ಸವದತ್ತಿ ಯಲ್ಲಮ್ಮನಿಗೆ ಏರಿಸುವ ರೂಢಿಯಿದೆ. ಅದರ ವಿನ್ಯಾಸವನ್ನು ಕಾರ್ಡಿಗೆ ತರುವುದು ಬಲು ಸುಲಭ: ಸ್ಕೇಲಿನ ಅಂಚಿನಂತೆ ನೇರ ಕತ್ತರಿಸಿದ ಒಂದೇ ರಬ್ಬರಿನ ತುಂಡನ್ನು ಉದ್ದಕ್ಕೂ ಅಡ್ಡಕ್ಕೂ ಒತ್ತುತ್ತ ಹೋದರೆ ಚೌಕಳಿ ತಾನಾಗಿ ಮೂಡುತ್ತದೆ. ಕಸೂತಿಯಂತೂ ಅಚ್ಚಿಗೇ ಹುಟ್ಟಿದಂತಿದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕಿದ ನೇರ ಗೆರೆ, ಮೆಟ್ಟಿಲು ಗೆರೆಗಳಿಂದಲೇ ಆದವು. ಗವಂತಿ, ಮುರ್ಗಿ ಹೊಲಿಗೆಯ ನಮೂನೆಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಂಡರೆ ಹಾಗೇ ರಬ್ಬರಿಗೆ ಇಳಿಸಬಹುದು. ಚಂದ್ರಕಾಳಿ ಸೀರೆಯ ಕಪ್ಪು ಮೈ ಮೇಲೆ ಬಿಳಿ ಕಸೂತಿ ಕಂಡವರು ಕಪ್ಪು ಕಾರ್ಡಿನ ಮೇಲೆ ಬಿಳಿ ಮಸಿಯಿಂದ ಆ ತೇರನ್ನು ಒತ್ತಿ ನೋಡಬೇಕು. ಅದರ ಅಂದಕ್ಕೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಸೂಡಿಯ ಜೋಡುಕಳಸದ ಗುಡಿ ಮತ್ತು ನಾಗಕುಂಡ, ನರಗುಂದದ ಕೋಟೆಗುಡ್ಡ, ಕಾಲಕಾಲೇಶ್ವರನ ಬೆಟ್ಟ, ಗಜೇಂದ್ರಗಡದ ಗುಡ್ಡಸಾಲಿನ ಗಾಳಿಯಂತ್ರಗಳು, ಬಿಳಿಜೋಳದ ತೆನೆ, ಒಡೆದ ಹತ್ತಿಕಾಯಿ ಇವುಗಳನ್ನು ಅಚ್ಚಿನಲ್ಲಿ ತರುವ ಅವಕಾಶ ಈ ಊರಿನವರಿಗಿದ್ದಷ್ಟು ಇನ್ನಾರಿಗೂ ಇಲ್ಲ.

ಒತ್ತುವುದರಲ್ಲೂ ಕೈಚಳಕವಿದೆ. ಪ್ಯಾಡಿನ ಮೇಲೆ ಅಚ್ಚನ್ನು ಮೆಲ್ಲಗೆ ತಟ್ಟಿ ಮಸಿ ಹಿಡಿಸಬೇಕು, ಅದುಮಿದರೆ ಗೆರೆಗಳ ನಡುವಿನ ತಗ್ಗಿಗೂ ಮಸಿ ಇಳಿಯುತ್ತದೆ. ಕಾಗದದ ಕೆಳಗೆ ಹಳೆಯ ನೋಟ್‌ಬುಕ್ ಇಟ್ಟರೆ ಒತ್ತು ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಒತ್ತಿ ಅಲುಗಾಡಿಸದೆ ನೇರ ಮೇಲೆತ್ತಬೇಕು. ಕಚೇರಿಯ ನೇರಳೆ ಪ್ಯಾಡಿನ ಮಸಿ ಬೇಗ ಒಣಗುತ್ತದಾದರೂ ನೀರು ಸೋಕಿದರೆ ಹರಡುತ್ತದೆ. ಒತ್ತಿದ ಚಿತ್ರದೊಳಗೆ ಜಲವರ್ಣ ತುಂಬುವವರು ನೀರಿಗೆ ಜಗ್ಗದ ಮಸಿಯನ್ನೇ ಕೊಳ್ಳಬೇಕು. ಬಣ್ಣದ ಪುಡಿ ಬೆರೆತ ಮಸಿ ಗಾಢವಾಗಿ ನಿಲ್ಲುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಆ ಹಸಿ ಮಸಿಯ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಉಳಿದದ್ದನ್ನು ಕೊಡವಿ, ಕಾವು ಕೊಟ್ಟರೆ ಪುಡಿ ಕರಗಿ ಗೆರೆ ಉಬ್ಬಿ ಹೊಳೆಯುತ್ತದೆ. ತಲೆಗೂದಲು ಒಣಗಿಸುವ ಯಂತ್ರ ಇದಕ್ಕೆ ಆಗದು. ಅದರ ಕಾವು ಸಾಲದು, ಗಾಳಿ ಮಾತ್ರ ಪುಡಿಯನ್ನು ಹಾರಿಸುತ್ತದೆ.

ದೂರ-ಹತ್ತಿರ ತೋರಿಸುವ ಎರಡು ಉಪಾಯಗಳನ್ನು ಕಲಿತರೆ ಸಾದಾ ಅಚ್ಚಿನಿಂದಲೇ ಇಡೀ ದೃಶ್ಯ ಕಟ್ಟಬಹುದು. ಮಸಿ ಹಚ್ಚಿದ ಅಚ್ಚನ್ನು ಮೊದಲು ರದ್ದಿ ಹಾಳೆಗೆ ಒತ್ತಿ, ಮತ್ತೆ ಮಸಿ ಹಚ್ಚದೆ ಕಾರ್ಡಿಗೆ ಒತ್ತಿದರೆ ಬಣ್ಣ ತಿಳಿಯಾಗಿ ಬೀಳುತ್ತದೆ. ಹೊಸ ಮಸಿಯ ಗುಡ್ಡದ ಹಿಂದೆ ಇಂಥ ತಿಳಿ ಗುಡ್ಡವಿದ್ದರೆ ಅದು ಮೈಲು ದೂರ ಸರಿದಂತೆ ಕಾಣುತ್ತದೆ. ಇನ್ನೊಂದು, ಮುಂದಿರಬೇಕಾದ ಚಿತ್ರವನ್ನು ಮೊದಲು ಒತ್ತುವುದು. ಅದೇ ಅಚ್ಚನ್ನು ತೆಳು ಕಾಗದಕ್ಕೂ ಒತ್ತಿ, ಗೆರೆಗುಂಟ ಕತ್ತರಿಸಿ, ಕಾರ್ಡಿನ ಚಿತ್ರದ ಮೇಲೆ ಮುಚ್ಚಿ, ಹಿಂದಿನದನ್ನು ಅದರ ಮೇಲೆಯೇ ಒತ್ತಬೇಕು. ಮುಚ್ಚಿಗೆ ತೆಗೆದರೆ ತೆನೆಯ ಹಿಂದೆ ಗುಡಿ ನಿಂತಿರುತ್ತದೆ. ಕೆಲಸ ಮುಗಿದ ಮೇಲೆ ಅಚ್ಚನ್ನು ಒದ್ದೆ ಬಟ್ಟೆಗೆ ಒತ್ತಿ, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒರೆಸಿಡಬೇಕು. ಸೀಮೆಎಣ್ಣೆ, ಥಿನ್ನರ್ ತಾಗಿದರೆ ರಬ್ಬರು ಕೆಡುತ್ತದೆ. ಬಯಲುಸೀಮೆಯ ಬಿಸಿಲಿಗೆ ಪ್ಯಾಡುಗಳು ಬೇಗ ಬತ್ತುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಪ್ಯಾಡಿನ ಮುಖ ಕೆಳಗಾಗುವಂತೆ ಇಟ್ಟರೆ ಮಸಿ ಮೇಲ್ಮೈಗೆ ಇಳಿದು ಹಸಿಯಾಗಿಯೇ ಇರುತ್ತದೆ.

ವಿನಿಮಯದ ಕ್ರಮ ಸರಳ. ಒಬ್ಬರು ಸಂಚಾಲಕರಾಗುತ್ತಾರೆ. ಹಬ್ಬ ಅಥವಾ ವಿಷಯ, ಕಾರ್ಡಿನ ಅಳತೆ, ಕಳಿಸಬೇಕಾದ ಕೊನೆಯ ದಿನ ಇವಿಷ್ಟನ್ನು ಮೊದಲೇ ಗೊತ್ತುಮಾಡುತ್ತಾರೆ. ಎಂಟು ಜನ ಸೇರಿದರೆ ಪ್ರತಿಯೊಬ್ಬರೂ ಒಂದೇ ವಿನ್ಯಾಸದ ಎಂಟು ಕಾರ್ಡು ಮಾಡಿ, ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆಯೊಂದನ್ನು ಜೊತೆಗಿಟ್ಟು ಸಂಚಾಲಕರಿಗೆ ತಲುಪಿಸುತ್ತಾರೆ. ಅವರ ಮೇಜಿನ ಮೇಲೆ ಒಟ್ಟು 64 ಕಾರ್ಡು ಕೂಡುತ್ತವೆ. ಒಂದೊಂದು ಲಕೋಟೆಗೂ ಪ್ರತಿಯೊಬ್ಬರ ಒಂದೊಂದು ಕಾರ್ಡು ಹಾಕಿ ತಿರುಗಿ ಕಳಿಸಿದರೆ, ಒಂದೇ ಚಿತ್ರವನ್ನು ಎಂಟು ಸಲ ಒತ್ತಿದವರ ಮನೆಗೆ ಎಂಟು ಬಗೆ ಬರುತ್ತವೆ; ತಮ್ಮದೂ ಒಂದು ಅದರಲ್ಲಿರುತ್ತದೆ, ಉಳಿದವರದರ ಪಕ್ಕಕ್ಕಿಟ್ಟು ನೋಡಲಿಕ್ಕೆ. ಇಬ್ಬರೇ ನೇರವಾಗಿ ಬದಲಾಯಿಸಿಕೊಳ್ಳುವುದೂ ಇದೆ. ಅಚ್ಚುಗಳನ್ನೇ ಎರವಲು ಕೊಡುವುದೂ ಇದೆ: ರೋಣದಲ್ಲಿ ಕೊರೆದ ಅಚ್ಚು ನರಗುಂದಕ್ಕೆ ಹೋಗಿ ಬೇರೆ ಬಣ್ಣದಲ್ಲಿ ಒತ್ತಿಸಿಕೊಂಡು ಬರಬಹುದು.

ಒಳ್ಳೆಯ ಬಳಗಗಳು ಕೆಲವು ಕಟ್ಟುಪಾಡು ಇಟ್ಟುಕೊಂಡಿರುತ್ತವೆ. ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದದ್ದು ಸಲ್ಲದು. ಕಾರ್ಡಿನ ಬೆನ್ನಿಗೆ ಮಾಡಿದವರ ಹೆಸರು, ಊರು, ವರ್ಷ ಇರಬೇಕು. ಒಳಗಿನ ಪುಟವನ್ನು ಖಾಲಿ ಬಿಡಬೇಕು, ಪಡೆದವರು ಅದನ್ನು ಇನ್ನೊಬ್ಬರಿಗೆ ಬರೆದು ಕಳಿಸಲು ಬಂದೀತು. ಮೊದಲ ಸಲ ಮಾಡಿದವರ ಕಾರ್ಡು ಓರೆಕೋರೆಯಾಗಿದ್ದರೆ ಅದಕ್ಕೂ ಅಷ್ಟೇ ಮರ್ಯಾದೆ. ಬನ್ನಿ ಎಲೆ ಕೊಟ್ಟಾಗ ಯಾರ ಎಲೆ ದೊಡ್ಡದು ಎಂದು ಯಾರೂ ನೋಡುವುದಿಲ್ಲ. ಆದರೆ ಕೊನೆಯ ದಿನ ತಪ್ಪಿಸುವವರ ವಿಷಯದಲ್ಲಿ ಸಂಚಾಲಕರು ಬಿಗಿಯಾಗಿರಬೇಕು, ಒಬ್ಬರ ಎಂಟು ಕಾರ್ಡು ಬರದಿದ್ದರೆ ಎಂಟೂ ಮನೆಯ ಲಕೋಟೆ ನಿಲ್ಲುತ್ತದೆ. ಕೊಂಡು ತಂದ ಅಚ್ಚಿನ ಚಿತ್ರದ ಹಕ್ಕು ಅದನ್ನು ತಯಾರಿಸಿದ ಕಂಪನಿಯದು. ಗೆಳೆಯರಿಗೆ ಕಾರ್ಡು ಕೊಡಲು ಅಡ್ಡಿಯಿಲ್ಲ. ಮಾರಾಟಕ್ಕಿಳಿಯುವವರು ಅದರ ನಿಯಮ ನೋಡಿಕೊಳ್ಳಬೇಕು. ಸ್ವಂತ ಅಚ್ಚು ಕೊರೆದವರಿಗೆ ಈ ಚಿಂತೆಯೇ ಇಲ್ಲ.

ಅಂಚೆಯ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಕ್ಷೇಮ. 300 ಗ್ರಾಂ ಕಾಗದದ ಒಂದು ಕಾರ್ಡು, ಎ4ರ ಅರ್ಧ ಹಾಳೆಯದು, ಒಂಬತ್ತೂವರೆ ಗ್ರಾಮಿಗಿಂತ ತುಸು ಕಡಿಮೆ ತೂಗುತ್ತದೆ. ಸಾದಾ ಲಕೋಟೆ ಸೇರಿದರೂ ಹದಿನೈದು ಗ್ರಾಂ ಆಸುಪಾಸು. ಸಾದಾ ಅಂಚೆಯಲ್ಲಿ 20 ಗ್ರಾಂವರೆಗಿನ ಲಕೋಟೆಗೆ 5 ರೂಪಾಯಿ, ಮುಂದಿನ ಪ್ರತಿ 20 ಗ್ರಾಮಿಗೆ ಮತ್ತೆ 5 ರೂಪಾಯಿ; ಹಾಗಾಗಿ ಒಂಟಿ ಕಾರ್ಡು 5 ರೂಪಾಯಿಯ ಚೀಟಿಯಲ್ಲಿ ಊರು ಮುಟ್ಟುತ್ತದೆ. ಮಣಿ, ಕುಂದಣ, ಗುಂಡಿ ಅಂಟಿಸಿದರೆ ತೂಕವೂ ಏರುತ್ತದೆ, ಠಸ್ಸೆ ಬೀಳುವಾಗ ಲಕೋಟೆಯೂ ಹರಿಯುತ್ತದೆ. ಚೀಟಿ ಕಡಿಮೆ ಬಿದ್ದರೆ ಕೊರತೆಯ ಇಮ್ಮಡಿಯನ್ನು ಪಡೆಯುವವರು ತೆರಬೇಕು. ಹಬ್ಬದ ಹಾರೈಕೆ ಹಾಗೆ ಬರಬಾರದು. ಲಕೋಟೆಯಲ್ಲಿ ನಾಲ್ಕು ಕಾಳು ಕುಸುರೆಳ್ಳು ಹಾಕಿ ಕಳಿಸುವ ಆಸೆ ಹಲವರಿಗೆ. ಮಡಿಸಿದ ಬೆಣ್ಣೆ ಕಾಗದದೊಳಗೆ ಚಪ್ಪಟೆಯಾಗಿ ಹರಡಿ ನಾಲ್ಕೂ ಬದಿ ಅಂಟಿಸದಿದ್ದರೆ ಸಕ್ಕರೆಯ ಮುಳ್ಳು ಪುಡಿಯಾಗುತ್ತವೆ, ಇರುವೆಗಳೂ ಬರುತ್ತವೆ. ಅದೇ ಊರಿನವರಿಗಾದರೆ ಕಾರ್ಡನ್ನೂ ಕುಸುರೆಳ್ಳನ್ನೂ ಕೈಯಲ್ಲೇ ಒಯ್ದು ಕೊಡುವುದು ಒಳ್ಳೆಯದು.

ಬಂದ ಕಾರ್ಡುಗಳನ್ನು ಲ್ಯಾಮಿನೇಷನ್ ಮಾಡಿಸುವ ಗೋಜಿಗೆ ಹೋಗಬಾರದು. ಬಿಸಿಗೆ ಕೆಲವು ಮಸಿ ಹರಡುತ್ತವೆ, ಉಬ್ಬು ಗೆರೆ ಚಪ್ಪಟೆಯಾಗುತ್ತದೆ, ಕಾಗದದ ಮೈ ಸವರುವ ಸುಖ ಹೋಗುತ್ತದೆ. ಬಿಸಿಲು ಬೀಳದ ಜಾಗದಲ್ಲಿ, ಕಾರ್ಡುಗಳ ನಡುವೆ ಬಿಳಿ ಹಾಳೆಯಿಟ್ಟು ಬೂಟಿನ ಡಬ್ಬಿಯಲ್ಲಿ ಜೋಡಿಸಿಟ್ಟರೆ ಸಾಕು.

ಶಾಲೆಗಳಿಗೆ ಇದು ತಕ್ಕ ಕೆಲಸ. ಡಿಸೆಂಬರಿನಲ್ಲಿ ಎರಡು ಚಿತ್ರಕಲೆ ಅವಧಿ, ಒಂದು ಉಳ್ಳಾಗಡ್ಡಿ, ಒಂದು ಡಬ್ಬಿ ಪೋಸ್ಟರ್ ಬಣ್ಣ, ಪ್ರತಿ ಮಗುವಿಗೂ ನಾಲ್ಕು ತುಂಡು ಡ್ರಾಯಿಂಗ್ ಹಾಳೆ ಇದ್ದರೆ ರೋಣದ ಒಂದು ತರಗತಿಯೂ ಗಜೇಂದ್ರಗಡದ ಒಂದು ತರಗತಿಯೂ ಕಾರ್ಡು ಬದಲಾಯಿಸಿಕೊಳ್ಳಬಹುದು. ಮಕ್ಕಳು ವಿಳಾಸ ಬರೆಯುವುದನ್ನು, ಚೀಟಿ ಹಚ್ಚುವುದನ್ನು, ಡಬ್ಬಿಗೆ ಹಾಕಿ ಉತ್ತರಕ್ಕೆ ಕಾಯುವುದನ್ನು ಅಲ್ಲಿ ಕಲಿಯುತ್ತಾರೆ. ಈ ಊರುಗಳ ಗುರುಗಳು ಮತ್ತು ಮಹಿಳಾ ಸಂಘದವರು ಈ ವರ್ಷ ಇದನ್ನೊಮ್ಮೆ ಮಾಡಿ ನೋಡಬೇಕು.

ಸಂಕ್ರಮಣ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಡಿಸೆಂಬರ್ ಎರಡನೆಯ ವಾರದೊಳಗೆ ಕಾರ್ಡುಗಳು ಸಂಚಾಲಕರ ಕೈಸೇರಿದರೆ ವಿಂಗಡಿಸಿ ತಿರುಗಿ ಕಳಿಸಲು ಸಮಯ ಸಾಕಾಗುತ್ತದೆ. ವಿಳಾಸದ ಕೊನೆಗೆ ರೋಣಕ್ಕೆ 582209, ನರಗುಂದಕ್ಕೆ 582207, ಗಜೇಂದ್ರಗಡಕ್ಕೆ 582114 ಎಂಬ ಪಿನ್ ಕೋಡ್ ಬರೆಯಲು ಮರೆಯಬಾರದು.